ಗೋಣಿಚೀಲದ ನರಿ

ರಹೀಮಾಳ ಅಂಗಳದಲ್ಲಿ ದಿನವೂ ಎರಡು ಒಲೆ ಹೊತ್ತುತ್ತಿದ್ದವು. ಒಂದರ ಮೇಲೆ ಮನೆಯವರ ರೊಟ್ಟಿ, ಇನ್ನೊಂದರ ಮೇಲೆ ನಾಯಿಗಳ ಅಂಬಲಿ. ಮೂರು ಬೇಟೆನಾಯಿಗಳು ಊರ ಪಾಟೀಲ ಮಹಾರುದ್ರಪ್ಪನವರವು. ಸಾಕುವ ಕೆಲಸ ಮಾತ್ರ ರಹೀಮಾಳ ಗಂಡ ವಜೀರನದು. ಅವನ ಅಪ್ಪನೂ ಅಜ್ಜನೂ ಅದನ್ನೇ ಮಾಡಿದವರು. ಅದಕ್ಕೆಂದೇ ಪಾಟೀಲರು ಅವರಿಗೆ ಇರಲು ಒಂದು ಮನೆ ಕೊಟ್ಟಿದ್ದರು. ನಾಯಿಗಳು ಉಣ್ಣುತ್ತಿದ್ದುದು ಪಾಟೀಲರ ಜೋಳ. ಕೇಳುತ್ತಿದ್ದುದು ಮಾತ್ರ ಈ ಮನೆಯವರ ಮಾತು.

ಬೀದರ ಸೀಮೆಯ ಕೊಹಿನೂರು ಹಳ್ಳಿಯ ಆಚೆಗಿದ್ದ ಆ ಊರಿನಲ್ಲಿ ಹೋಳಿಯ ಮರುದಿನ ನರಿಬೇಟೆ ಆಗಲೇಬೇಕಿತ್ತು. ಜೋಳ ಕೊಯ್ದು ಬಯಲಾದ ಹೊಲದಲ್ಲಿ ನಾಯಿ ಬಿಟ್ಟು, ನರಿಯನ್ನು ಓಡಿಸಿ ಕೊಂದು, ಅದರ ಬಾಲವನ್ನು ಊರ ಅಗಸಿ ಬಾಗಿಲಿಗೆ ಕಟ್ಟಿದರೆ ಮಾತ್ರ ಮಳೆ ಬೆಳೆ ಚೆನ್ನಾಗಿ ಆಗುತ್ತದೆಂದು ಹಿರಿಯರ ನಂಬಿಕೆ. ಬೇಟೆಗೆ ಮೊದಲು ಒಂದು ನರಿಯನ್ನು ಜೀವಂತ ಹಿಡಿದು, ಕಾಲು ಕಟ್ಟಿ, ನಾಯಿಗಳ ಮುಂದೆ ಎಸೆಯುತ್ತಿದ್ದರು. ಅದಕ್ಕೆ ‘ಪಾಠ’ ಎನ್ನುತ್ತಿದ್ದರು. ಆ ಪಾಠದ ದಿನ ರಹೀಮಾ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆದರೂ ನರಿಯ ಕೂಗು ಕೇಳದೆ ಇರುತ್ತಿರಲಿಲ್ಲ.

ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ಹೋಳಿಗೆ ಇನ್ನೂ ನಾಲ್ಕು ದಿನ ಇರುವಾಗ, ಒಂದು ನರಿ ಹಾಡುಹಗಲೇ ಪಾಟೀಲರ ಕಣಕ್ಕೆ ಬಂತು. ಜನರನ್ನು ಕಂಡು ಓಡಲಿಲ್ಲ. ಕಾಲು ತೊಡರುತ್ತ ಅಲ್ಲೇ ಸುತ್ತಿತು. ಪಾಠಕ್ಕೆ ನರಿ ತಾನಾಗೇ ಸಿಕ್ಕಿತೆಂದು ಪಾಟೀಲರ ಮಗ ಬಕ್ಕಪ್ಪ ಗೋಣಿಚೀಲ ಹಿಡಿದ. ವಜೀರ ಅದನ್ನು ಕಟ್ಟಿಗೆಯಿಂದ ಒತ್ತಿ ಒಳಗೆ ತಳ್ಳಿದ. ಚೀಲದ ಬಾಯಿ ಕಟ್ಟುವಾಗ ನರಿ ಅವನ ಬಲ ಮುಂಗೈಗೆ ಬಾಯಿ ಹಾಕಿತು.

ಮರುದಿನ ಬೆಳಿಗ್ಗೆ ನೋಡಿದರೆ ನರಿ ಚೀಲದಲ್ಲೇ ಸತ್ತು ಬಿದ್ದಿತ್ತು.

ಅದೇ ಹೊತ್ತಿಗೆ ಹುಮನಾಬಾದದಿಂದ ಸಲೋತ್ರಿ ಅಜೀಮುದ್ದೀನ್ ಪಾಟೀಲರ ಎತ್ತಿನ ಬಾವು ನೋಡಲು ಬಂದಿದ್ದರು. ಸುತ್ತಿನ ಹಳ್ಳಿಗಳ ದನಕರುಗಳಿಗೆಲ್ಲ ಅವರೇ ಡಾಕ್ಟರು. ವಜೀರನ ಕೈಗೆ ಸುತ್ತಿದ್ದ ಬಟ್ಟೆ ನೋಡಿ ಏನೆಂದು ಕೇಳಿದರು. ವಜೀರ ನಡೆದದ್ದನ್ನು ಹೇಳಿದ.

“ಹಗಲಿನ್ಯಾಗ ಬಂತಾ? ಮನಷಾರ್ನ ಕಂಡು ಓಡಲಿಲ್ಲಾ? ತಾನಾಗೇ ಸತ್ತದಾ?” ಎಂದು ಒಂದೊಂದಾಗಿ ಕೇಳಿ, ಪಾಟೀಲರ ಕಡೆ ತಿರುಗಿದರು. “ಪಾಟೀಲ್ರ, ಇದು ಹುಚ್ಚುನರಿ. ಇವನ್ನ ಇವತ್ತೇ ಹೈದರಾಬಾದಿಗೆ ಕಳಸ್ರಿ. ಹೊಟ್ಟಿಗೆ ಹದಿನಾಕು ಸೂಜಿ ಹಾಕ್ತಾರ. ಬದುಕ್ತಾನ.”

ಪಾಟೀಲರು ನಕ್ಕರು. “ಚೀಲದಾಗ ಉಸುರುಕಟ್ಟಿ ಸತ್ತದ ಬಿಡ್ರಿ. ನಾಕ ದಿನಕ್ಕ ಬ್ಯಾಟಿ ಅದ. ಇವ ಇಲ್ದಿದ್ರ ನಾಯಿ ಯಾರ ಮಾತ ಕೇಳ್ತಾವ? ಬ್ಯಾಟಿ ಮುಗೀಲಿ, ನಾನೇ ಮೋಟಾರ ಹತ್ತಸ್ತೀನಿ.”

“ನಾಕ ದಿನ ಭಾಳ ಆತ್ರಿ. ಈ ರೋಗಕ್ಕ ಹಬ್ಬ ಗೊತ್ತಿಲ್ಲ.”

“ನಮ್ಮ ಅಜ್ಜನ ಕಾಲದಿಂದ ನರಿ ಕಡದದ, ನಾಯಿ ಕಡದದ. ಸುಣ್ಣ ಖಾರ ಹಚ್ಚಿ ಕಟ್ಟಿದ್ರ ಮುಗೀತು. ಬ್ಯಾಟಿಯ ಗಾಯಕ್ಕ ಸೂಜಿ ಹಾಕಿಸ್ಕೊಂಡವನ ಹೆಸರ ಈ ಊರಾಗ ಇಲ್ಲ.”

ರಹೀಮಾ ಮನೆಯಲ್ಲಿ ಗಂಡನ ಮುಂದೆ ಕೈ ಜೋಡಿಸಿದಳು. “ಈಗೇ ಹೋಗೋಣ. ಸಲೋತ್ರಿ ಸಾಹೇಬ್ರು ಸುಳ್ಳ ಹೇಳವರಲ್ಲ.”

ಅತ್ತೆ ಹಜಿರಾ ಬೀ ಒಲೆಯ ಬಳಿಯಿಂದಲೇ ಗದರಿದಳು. “ಸಾಕ್ ಮಾಡ. ನಿನ್ನ ಮಾವನ ಮೈಮ್ಯಾಗ ಹನ್ನೆರಡ ಗಾಯ ಇದ್ವು. ಒಂದಕ್ಕೂ ಸೂಜಿ ತಾಗಿದ್ದಿಲ್ಲ. ಪಾಟೀಲರ ಮುಂದ ಹಬ್ಬದಾಗ ಕೈಕೊಟ್ರ ಇಜ್ಜತ ಏನ್ ಉಳೀತದ?”

ವಜೀರ ಹೆಂಡತಿಯನ್ನೂ ತಾಯಿಯನ್ನೂ ನೋಡಿ, “ನಾಕ ದಿನ ತಾನೇ” ಎಂದ.

ಆ ಹೋಳಿಯ ಬೇಟೆ ಬಲು ಜೋರಾಗಿ ನಡೆಯಿತು. ಪಾಟೀಲರು ಚಾವಡಿಯಲ್ಲಿ ಎಲ್ಲರೆದುರು ವಜೀರನಿಗೆ ಹೊಸ ರುಮಾಲು ಸುತ್ತಿದರು. ಗಾಯ ಆಗಲೇ ಒಣಗತೊಡಗಿತ್ತು. ವಾರ ಕಳೆಯುವುದರಲ್ಲಿ ಕಲೆಯೊಂದೇ ಉಳಿಯಿತು. ಹೈದರಾಬಾದಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ರಹೀಮಾಳೂ ಎತ್ತಲಿಲ್ಲ. ರುಮಾಲು ಸುತ್ತಿಕೊಂಡು ಬಂದ ಗಂಡನನ್ನು ನೋಡಿ ಅವಳಿಗೂ ಹೆಮ್ಮೆ ಅನಿಸಿತ್ತು. ಮುಂದೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ಹೆಮ್ಮೆಯೇ.

ಒಂದೂವರೆ ತಿಂಗಳ ಮೇಲೆ, ಬಿರುಬಿಸಿಲಿನ ಒಂದು ದಿನ, ವಜೀರ ಮುಂಗೈಯ ಕಲೆ ಜುಮುಗುಡುತ್ತದೆ ಎಂದ. ಮರುದಿನ ಜ್ವರ ಬಂತು. ಅದರ ಮರುದಿನ ರಹೀಮಾ ತಂಬಿಗೆಯಲ್ಲಿ ನೀರು ಕೊಟ್ಟಳು. ಬಾಯಿಯ ಹತ್ತಿರ ಒಯ್ಯುವುದರೊಳಗೆ ಅವನ ಗಂಟಲು ಸೆಟೆದು, ತಂಬಿಗೆ ಕೈಯಿಂದ ಹಾರಿತು. ಬಾಯಾರಿ ನಾಲಿಗೆ ಒಣಗುತ್ತಿತ್ತು, ಆದರೆ ನೀರಿನ ಸಪ್ಪಳ ಕೇಳಿದರೂ ಮೈಯೆಲ್ಲ ನಡುಗುತ್ತಿತ್ತು. ನೆರೆಮನೆಯ ಸಖುಬಾಯಿ ಬಾವಿಯಿಂದ ನೀರು ತರುವಾಗ ಕೊಡದ ಬಾಯಿಗೆ ಬಟ್ಟೆ ತುರುಕಿಕೊಂಡು, ಹೆಜ್ಜೆಯ ಸಪ್ಪಳವಾಗದಂತೆ ಆ ಮನೆಯ ಮುಂದೆ ಹಾದುಹೋಗುತ್ತಿದ್ದಳು.

ಅಜೀಮುದ್ದೀನ್ ಬಂದು ನೋಡಿದರು. ಹೊರಗೆ ಬಂದು, ಗೋಡೆಗೆ ಕೈಯೂರಿ ನಿಂತರು.

“ಈಗ ಹೈದರಾಬಾದಿಗೆ ಒಯ್ದ್ರ?” ಎಂದಳು ರಹೀಮಾ.

“ಈಗ ಏನೂ ಇಲ್ಲ ತಂಗಿ. ಆವಾಗ ಇತ್ತು.”

ವಜೀರ ತೀರಿಕೊಂಡದ್ದು ನೀರಿಗೆ ಹೆದರತೊಡಗಿದ ಮೂರನೆಯ ದಿನ, ಮಧ್ಯಾಹ್ನದ ಜೋಹರಿನ ನಮಾಜಿನ ಹೊತ್ತಿಗೆ. ಬುದ್ಧಿ ತಿಳಿಯಾಗಿದ್ದ ಒಂದು ಗಳಿಗೆಯಲ್ಲಿ ಅವನು ಹೆಂಡತಿಗೆ, “ನನ್ನ ಹತ್ತರ ಬರಬ್ಯಾಡ, ಕಡದೇನು” ಎಂದಿದ್ದ. ಅದೇ ಅವನ ಕೊನೆಯ ಮಾತು.

ಊರು ಅತ್ತಿತು. ಆದರೆ ಪಾಟೀಲರು, “ಅವನ ಆಯುಷ್ಯ ಅಷ್ಟೇ ಇತ್ತು” ಎಂದರು. ಜನರೂ ಅದನ್ನೇ ಅಂದರು. ಹಾಗೆ ಅಂದುಕೊಂಡರೆ ಯಾರ ಮೇಲೂ ತಪ್ಪು ಬರುವುದಿಲ್ಲ!

ನಾಯಿಗಳ ಜವಾಬ್ದಾರಿ ರಹೀಮಾಳಿಗೆ ಬಂತು. ಅವು ಅವಳ ಮಾತು ಕೇಳುತ್ತಿದ್ದವು. ವರ್ಷ ತಿರುಗಿ ಮತ್ತೆ ಹೋಳಿ ಹತ್ತಿರವಾದಾಗ ಪಾಟೀಲರಿಂದ ಹೇಳಿಕೆ ಬಂತು: “ಈ ಸಲ ನೀನೇ ನಾಯಿ ಬಿಡಬೇಕ.” ರಹೀಮಾ ಮರುದಿನವೇ ಹುಮನಾಬಾದಿಗೆ ನಡೆದಳು. ಅಜೀಮುದ್ದೀನರ ಬಳಿ ಹೋಗಿ, ಈ ಬೇಟೆ ನಿಲ್ಲಿಸಿರೆಂದು ಅಲ್ಲಿನ ಸರಕಾರಿ ಕಚೇರಿಗೆ ಅರ್ಜಿ ಬರೆಸಿ, ಕೆಳಗೆ ತನ್ನ ಹೆಬ್ಬೆಟ್ಟು ಒತ್ತಿದಳು.

ಬೇಟೆಯ ದಿನ ಬೆಳಿಗ್ಗೆಯೇ ಕಚೇರಿಯ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಚಾವಡಿಯ ಮುಂದೆ ಕೋಲು ಬಡಿಗೆ ಹಿಡಿದ ಎಪ್ಪತ್ತು ಎಂಬತ್ತು ಜನ ನೆರೆದಿದ್ದರು. ರಹೀಮಾ ಮೂರು ನಾಯಿಗಳನ್ನು ಒಂದೇ ಹಗ್ಗದಲ್ಲಿ ಹಿಡಿದು ಬೇವಿನ ಗಿಡದ ಕೆಳಗೆ ನಿಂತಿದ್ದಳು. ಹಜಿರಾ ಬೀ ಅವಳ ಹಿಂದೆ ನೆಲದ ಮೇಲೆ ಕೂತಿದ್ದಳು. ಅರ್ಜಿ ಕೊಟ್ಟ ದಿನದಿಂದ ಅವಳು ಸೊಸೆಯೊಡನೆ ಮಾತು ಬಿಟ್ಟಿದ್ದಳು.

“ಸಾಹೇಬ್ರ, ನರಿ ಕೋಳಿ ತಿಂತದ, ಕುರಿಮರಿ ಒಯ್ತದ,” ಎಂದು ಪಾಟೀಲರು ಶುರು ಮಾಡಿದರು. “ಪೊಲೀಸ್ ಆ್ಯಕ್ಷನ್ ಆದಾಗ ನಮ್ಮ ಬಂದೂಕ ಕಸಗೊಂಡ್ರಿ, ಕೊಟ್ವಿ. ಈಗ ನಾಯಿನೂ ಕಸಗೋತೀರೇನು? ಪ್ರಜೆಗಳ ರಾಜ್ಯ ಬಂದು ಇನ್ನಾ ಎರಡ ತಿಂಗಳ ಆಗಿಲ್ಲ. ನಮ್ಮ ಹಿರಿಯರ ಪದ್ಧತಿ ನಾವು ಮಾಡಬಾರದೇನು?”

ಅಜೀಮುದ್ದೀನ್ ಎದ್ದು ನಿಂತರು. “ನಿಮ್ಮ ಬ್ಯಾಟಿಯಾಗ ಸತ್ತ ನರಿಗಳ ಹೊಟ್ಟಿ ಕೊಯ್ದು ನೋಡೀನ್ರಿ ನಾನು. ಹೊಲದ ಇಲಿ, ಮಿಡತಿ, ಗೆದ್ದಲ, ಬಾರಿಹಣ್ಣು. ಕುರಿಮರಿ ಒಂದರಾಗೂ ಸಿಗಲಿಲ್ಲ. ಕೋಳಿ ಒಂದೆರಡರಾಗ ಸಿಕ್ಕದ, ಇಲ್ಲ ಅನ್ನಂಗಿಲ್ಲ. ಅದಕ್ಕ ಗೂಡಿಗೆ ಬಾಗಲ ಹಾಕ್ರಿ. ಕಾಲ ಕಟ್ಟಿದ ಪ್ರಾಣಿ ಮ್ಯಾಲ ಮೂರ ನಾಯಿ ಬಿಟ್ಟು ಚಪ್ಪಾಳಿ ಹೊಡಿಯೋದು ಕೋಳಿ ಕಾಯೋ ಕೆಲಸಲ್ಲ. ಅದು ಹೋಗ್ಲಿ, ನರಿಯ ಮಾತ ಬಿಡ್ರಿ. ಈ ಪದ್ಧತಿಗೆ ಒಬ್ಬ ಮನಷಾ ಸತ್ತಾನ.”

“ಆಯುಷ್ಯ ಮುಗುದು ಸತ್ತಾನ!” ಎಂದು ಯಾರೋ ಕೂಗಿದರು. ಕೋಲುಗಳು ನೆಲಕ್ಕೆ ಬಡಿದವು.

ಅಧಿಕಾರಿ ಕೈಯೆತ್ತಿ ಸುಮ್ಮನಾಗಿಸಿ, ತಾವು ತಂದಿದ್ದ ಬೇಟೆ ಕಾನೂನಿನ ಕಾಗದ ತಿರುವಿದರು. “ಹುಲಿ, ಜಿಂಕೆ, ನವಿಲಿನ ಬೇಟೆಗೆ ಅಪ್ಪಣೆ ಬೇಕು. ನರಿಯ ಹೆಸರು ಇದರಲ್ಲಿ ಎಲ್ಲಿಯೂ ಇಲ್ಲ. ಮನಸ್ಸಿಗೆ ಸರಿ ಕಾಣದಿದ್ದರೂ, ತಡೆಯುವ ಕಾನೂನು ನನ್ನ ಕೈಯಲ್ಲಿಲ್ಲ.”

ಜನ ಹೋ ಎಂದು ಕೇಕೆ ಹಾಕಿದರು. ಪಾಟೀಲರು ಮೀಸೆ ತಿರುವಿ, “ಕೇಳಿದೇನವ್ವಾ? ನಡಿ, ನಾಯಿ ಬಿಡು” ಎಂದರು.

ಅಷ್ಟು ಗಂಡಸರ ಮುಂದೆ ರಹೀಮಾ ಎಂದೂ ಮಾತಾಡಿದವಳಲ್ಲ. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಅಧಿಕಾರಿಯನ್ನೇ ನೋಡಿ ಕೇಳಿದಳು:

“ಸಾಹೇಬ್ರ, ಮಾಡಬ್ಯಾಡ ಅಂತ ಕಾನೂನ ಇಲ್ಲ ಅಂದ್ರಿ. ಮಾಡಲೇಬೇಕು ಅಂತ ಕಾನೂನ ಅದ ಏನ್ರಿ?”

ಅಧಿಕಾರಿ ಕಾಗದ ಮಡಚುತ್ತ, “ಇಲ್ಲವ್ವ, ಅದೂ ಇಲ್ಲ” ಎಂದರು.

“ಹಂಗಾದ್ರ ನಾ ಬಿಡಂಗಿಲ್ಲ.” ಅವಳು ನಾಯಿಗಳ ಕಡೆ ತಿರುಗಿ, “ಬೈಠ್” ಎಂದಳು. ಮೂರೂ ನಾಯಿಗಳು ಅವಳ ಕಾಲ ಬಳಿ ಕೂತುಬಿಟ್ಟವು.

“ನನ್ನ ಮನ್ಯಾಗ ಇರ್ತಿ, ನನ್ನ ಜ್ವಾಳ ತಿಂತಾವ ನಾಯಿ!” ಪಾಟೀಲರ ದನಿ ಏರಿತು. “ಸಂಜಿಯೊಳಗ ಮನಿ ಬಿಡು. ಬಕ್ಕ, ಹಿಡಿ ಹಗ್ಗ!”

ಬಕ್ಕಪ್ಪ ಮುಂದೆ ಬಂದು ಹಗ್ಗ ಕಸಿದುಕೊಂಡು ಎಳೆದ. ನಾಯಿಗಳು ಏಳಲಿಲ್ಲ. ಜನ ನಕ್ಕರು. ನಗೆಗೆ ಅವಮಾನಗೊಂಡು ಅವನು ದೊಡ್ಡ ನಾಯಿಯ ಕತ್ತಿನ ಚರ್ಮ ಹಿಡಿದೆತ್ತಿ ಪಕ್ಕೆಗೆ ಒದ್ದ. ಅದು ಗಕ್ಕನೆ ತಿರುಗಿ ಅವನ ಮುಂಗೈ ಕಚ್ಚಿತು.

ನಗೆ ನಿಂತಿತು. ಬಕ್ಕಪ್ಪ ಕೈ ಹಿಡಿದುಕೊಂಡು ಕುಸಿದ. ರಕ್ತ ಬೆರಳ ಸಂದಿಯಿಂದ ತೊಟ್ಟಿಕ್ಕಿತು.

ಮಹಾರುದ್ರಪ್ಪ ಪಾಟೀಲರು ಚಾವಡಿಯ ಕಟ್ಟೆಯಿಂದ ಓಡಿ ಇಳಿದರು. ಮಗನ ಕೈ ನೋಡಿದರು. ಯಾರೋ, “ಸುಣ್ಣ ಖಾರ ತರ್ರಿ” ಎಂದರು. ಪಾಟೀಲರು ಅವನ ಮೇಲೆ ಹುಲಿಯಂತೆ ಎಗರಿದರು. “ಸುಡು ನಿನ್ನ ಸುಣ್ಣ!” ಎಂದು ಚೀರಿ, ಅಜೀಮುದ್ದೀನರ ತೋಳು ಹಿಡಿದುಕೊಂಡರು. “ಸಲೋತ್ರಿ ಸಾಹೇಬ್ರ, ಹೈದರಾಬಾದಿಗೆ ಮೋಟಾರ ಯಾವಾಗ ಅದ? ಈಗ ಹೊಂಟ್ರ ಸಿಗ್ತದೇನು? ಒಂದ ದಿನ ತಡ ಆದ್ರ ನಡೀತದೇನು?”

ಕೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿರಬೇಕು. ಹಿಡಿದ ತೋಳನ್ನು ಬಿಟ್ಟರು. ಎಲ್ಲರ ಕಣ್ಣು ರಹೀಮಾಳ ಕಡೆ ಹೊರಳಿತು.

ರಹೀಮಾಳ ಎದೆಯಲ್ಲಿ ಒಂದು ಮಾತು ಕುದಿಯುತ್ತಿತ್ತು: ನಾಕ ದಿನ ತಡೀರಿ, ಹಬ್ಬ ಮುಗೀಲಿ. ಅದು ನಾಲಿಗೆಯ ತುದಿಗೂ ಬಂತು. ಅವಳು ಬಾಯಿ ತೆರೆಯುವ ಮುನ್ನ ಹಿಂದಿನಿಂದ ಹಜಿರಾ ಬೀ ಎದ್ದು ಬಂದಳು. ಮುದುಕಿ ಬಕ್ಕಪ್ಪನ ಪಕ್ಕದಲ್ಲಿ ಕೂತು, ತನ್ನ ಸೆರಗಿನಿಂದ ಅವನ ಕೈ ಒತ್ತಿ ಹಿಡಿದಳು.

“ಕಳಸ್ರಿ ಪಾಟೀಲ್ರ, ಈಗೇ ಕಳಸ್ರಿ,” ಎಂದಳು. “ನನ್ನ ಮಗನ್ನ ನಾನೇ ಹಿಡಕೊಂಡು ಕೂತೆ. ಇಜ್ಜತ ಅಂದೆ. ನೀವು ಹಂಗ ಮಾಡಬ್ಯಾಡ್ರಿ.”

ಅಷ್ಟು ಹೇಳಿ, ವರ್ಷದಿಂದ ಬಿಗಿಹಿಡಿದಿದ್ದುದೆಲ್ಲ ಒಡೆದಂತೆ ಗೋಳೋ ಎಂದು ಅತ್ತಳು. ಪಾಟೀಲರು ತಲೆ ಎತ್ತಲಿಲ್ಲ.

ಅಜೀಮುದ್ದೀನ್ ಗಾಯವನ್ನು ಸಾಬೂನು ನೀರಿನಿಂದ ಬಹಳ ಹೊತ್ತು ತೊಳೆದರು. “ನಾಯಿಗೆ ಹುಚ್ಚಿಲ್ಲ, ಒದ್ದದ್ದಕ್ಕ ಕಡದದ. ಆದ್ರೂ ಹತ್ತ ದಿನ ಅದನ್ನ ಕಟ್ಟಿ ನೋಡ್ತೀನಿ. ನೀವು ಸೂಜಿ ಶುರು ಮಾಡಸ್ರಿ” ಎಂದರು. ಗಾಡಿ ಹೂಡಿದರು. ತಂದೆ ಮಗನನ್ನು ಕೂರಿಸಿಕೊಂಡು ಹುಮನಾಬಾದಿನ ದಾರಿ ಹಿಡಿದರು. ಗಾಡಿ ಕಣ್ಮರೆಯಾದ ಮೇಲೆ ಜನ ಕೋಲುಗಳನ್ನು ಹೆಗಲಿಗೇರಿಸಿ, ಒಬ್ಬರ ಮುಖ ಒಬ್ಬರು ನೋಡದೆ ಮನೆಗಳಿಗೆ ಹೋದರು. ಆ ಹೋಳಿಗೆ ಅಗಸಿಯಲ್ಲಿ ಹೊಸ ಬಾಲ ಕಟ್ಟಲಿಲ್ಲ. ಮೃಗಶಿರೆಗೆ ಮಳೆ ಮಾತ್ರ ಎಂದಿನಂತೆ ಬಂತು.

ಮನೆ ಬಿಡಬೇಕಿಲ್ಲವೆಂದು ಪಾಟೀಲರು ಮಗನಿಗೆ ಸೂಜಿ ಹಾಕಿಸಿ ಹೈದರಾಬಾದಿನಿಂದ ಬಂದ ಮೇಲೆ ಹೇಳಿ ಕಳಿಸಿದರು. ಆದರೆ ಆ ಹೇಳಿಕೆ ತಂದ ಆಳಿಗೆ ಸಿಕ್ಕದ್ದು ಬೀಗ ಹಾಕಿದ ಬಾಗಿಲು. ಅತ್ತೆ ಸೊಸೆ ಬೇಟೆ ನಿಂತ ದಿನದ ಸಂಜೆಯೇ ಹುಮನಾಬಾದಿಗೆ ಹೊರಟುಹೋಗಿದ್ದರು. ಅಜೀಮುದ್ದೀನರ ದನದ ದವಾಖಾನೆಯಲ್ಲಿ ರಹೀಮಾಳಿಗೆ ಕೆಲಸ ಸಿಕ್ಕಿತು. ನಾಯಿ, ನರಿ ಕಚ್ಚಿಸಿಕೊಂಡವರು ಯಾರಾದರೂ ಬಾಗಿಲಿಗೆ ಬಂದರೆ, ಅವರ ಊರು, ಹೆಸರು, ಜಾತಿ ಏನನ್ನೂ ಅವಳು ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ ಮಾತು: “ಎಷ್ಟ ದಿನ ಆತು?”

ಓದುವವರೇ, ಕಾನೂನಿನ ಕಾಗದದಲ್ಲಿ ನರಿಯ ಹೆಸರು ಎಂದಾದರೂ ಬರೆಯಲಿ, ಬರೆಯದಿರಲಿ. ನಿಮ್ಮೂರಿನ ಬೇಟೆಯ ಹಗ್ಗ ಈ ಹೊತ್ತು ಯಾರ ಕೈಯಲ್ಲಿದೆ?