ದರ್ವಿಸ್ ತೋರಿಸಿದ ಊರು

ತಮ್ಮೂರು ಕಾಯುಆಗುಂಗ್‌ನಿಂದ ಪಾಲೆಂಬಾಂಗ್ ನಗರಕ್ಕೆ ಬರುವ ದಾರಿಯುದ್ದಕ್ಕೂ ಸವೋದಾ ಚಿಕ್ಕಮ್ಮ ತಿನ್ನುವುದರ ಬಗ್ಗೆಯೇ ಮಾತಾಡಿದ್ದಳು. ಹುಡುಗನನ್ನು ನೋಡುವುದು ನೆಪ, ನದಿ ದಡದಲ್ಲಿ ಕರಿದು ಕೊಡುವ ಮೀನಿನ ತಿಂಡಿ ಪೆಂಪೆಕ್ ತಿನ್ನುವುದೇ ಅವಳಿಗೆ ಮುಖ್ಯ ಎಂದು ಜಲೇಹಾ ರೇಗಿಸಿದಳು.

"ನಿನಗೆ ಇಪ್ಪತ್ತೊಂಬತ್ತಾಯ್ತು ಕಣೇ. ಔಷಧಿ ಅಂಗಡೀಲಿ ಮಾತ್ರೆ ಎಣಿಸ್ಕೊಂಡೇ ಮುದುಕಿ ಆಗ್ತೀಯಾ?" ಎಂದಳು ಚಿಕ್ಕಮ್ಮ. ತಾಯಿ ತೀರಿಕೊಂಡ ಮೇಲೆ ಜಲೇಹಾಳನ್ನು ಸಾಕಿದವಳು ಅವಳೇ. ಸಂಬಂಧಿಕರ ಮದುವೆಯೊಂದರಲ್ಲಿ ದರ್ವಿಸ್‌ನನ್ನು ಕಂಡು, ಅವನ ನಯ ವಿನಯಕ್ಕೆ ಮಾರುಹೋಗಿ, ಮಾತು ಮುಂದುವರಿಸಿದವಳೂ ಅವಳೇ.

ದರ್ವಿಸ್ ಬಸ್ ನಿಲ್ದಾಣಕ್ಕೆ ತನ್ನ ಬಿಳಿ ಕಾರು ತಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಹಿರಿಯರಿಗೆ ನಮಸ್ಕರಿಸುವ ರೀತಿಯಲ್ಲಿ ಚಿಕ್ಕಮ್ಮನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಜಲೇಹಾಳ ಮುಖವನ್ನು ದಿಟ್ಟಿಸದೆ, "ಬಿಸಿಲು ಜಾಸ್ತಿ, ನಿಧಾನಕ್ಕೆ ಸುತ್ತೋಣ" ಎಂದ. ಅವಳಿಗೂ ಅವನು ಹಿಡಿಸಿದ.

ಮೊದಲು ಹೋದದ್ದು ಸಿಗಡಿ ಸಾರಿನ ನೂಡಲ್ಸ್ ಅಂಗಡಿಗೆ. ಜನ ಬಾಗಿಲಾಚೆಯವರೆಗೂ ಕಾಯುತ್ತಿದ್ದರು. ಯಜಮಾನ ಎಪ್ಪತ್ತರ ಮುದುಕ. ದರ್ವಿಸ್‌ನನ್ನು ಕಂಡದ್ದೇ ಒಲೆ ಬಿಟ್ಟು ಬಂದು, ಅರ್ಧ ತಿಂದಿದ್ದ ಇಬ್ಬರನ್ನು ಎಬ್ಬಿಸಿ, ತನ್ನ ಹೆಗಲ ವಸ್ತ್ರದಿಂದಲೇ ಮೇಜು ಒರೆಸಿದ.

"ಕೂತ್ಕೊಳ್ಳಿ ಅಣ್ಣಾ. ಮುಂಚೇನೇ ಹೇಳಿ ಕಳಿಸಿದ್ರೆ ಜಾಗ ಇಟ್ಟಿರ್ತಿದ್ದೆ."

ಎಪ್ಪತ್ತರ ಮುದುಕ ಮೂವತ್ತೈದರವನನ್ನು ಅಣ್ಣಾ ಎಂದದ್ದು ಜಲೇಹಾಳ ಕಿವಿಗೆ ಬಿತ್ತು. ಎದ್ದುಹೋದ ಇಬ್ಬರು ಗೊಣಗಲೂ ಇಲ್ಲ. ತಿಂದಾದ ಮೇಲೆ ದರ್ವಿಸ್ ಜೇಬಿಗೆ ಕೈ ಹಾಕಿದಂತೆ ಮಾಡಿದ. ಮುದುಕ ಎರಡೂ ಕೈ ಆಡಿಸಿ ಹಿಂದೆ ಸರಿದ.

"ಎಂಥ ಮರ್ಯಾದೆ ನೋಡೇ!" ಎಂದು ಚಿಕ್ಕಮ್ಮ ಪಿಸುಗುಟ್ಟಿದಳು. "ಏನು ಕೆಲಸಾಪ್ಪಾ ನಿಂದು?"

"ಈ ಕಡೆ ಪಾರ್ಕಿಂಗ್ ನೋಡ್ಕೋತೀನಿ. ಅಂಗಡಿಯೋರಿಗೆ ಸಣ್ಣಪುಟ್ಟ ತೊಂದರೆ ಬಂದ್ರೆ ಸಹಾಯ ಮಾಡ್ತೀನಿ."

ಕೋಟೆ ಗೋಡೆಯ ಪಕ್ಕ ನಡೆದರು. ಕೆಂಪು ಸೇತುವೆಯ ಹಿನ್ನೆಲೆಯಲ್ಲಿ ಚಿಕ್ಕಮ್ಮ ಫೋಟೊ ತೆಗೆಸಿಕೊಂಡಳು. ಕೆಮಾರೋ ದ್ವೀಪಕ್ಕೆ ಹೊರಟ ದೋಣಿಯಲ್ಲಿ ಆಗಲೇ ಒಂದು ಸಂಸಾರ ಕೂತಿತ್ತು. ದರ್ವಿಸ್ ಏನೂ ಹೇಳಲಿಲ್ಲ, ದಡದಲ್ಲಿ ನಿಂತನಷ್ಟೇ. ದೋಣಿಯವನು ಆ ಸಂಸಾರವನ್ನು, ತೊಡೆಯ ಮೇಲಿನ ಮಗುವಿನ ಸಮೇತ, ಕೆಳಗಿಳಿಸಿದ.

"ಪರವಾಗಿಲ್ಲ, ಅವರೂ ಬರಲಿ, ಜಾಗ ಇದೆಯಲ್ಲ" ಎಂದಳು ಜಲೇಹಾ.

"ಅವರು ಇನ್ನೊಂದರಲ್ಲಿ ಬರ್ತಾರಮ್ಮ" ಎಂದ ದೋಣಿಯವನು ತಲೆ ಎತ್ತದೆ. ಎತ್ತಿದಾಗ ಅವನ ಎಡಗಣ್ಣು ಊದಿ ನೀಲಿಗಟ್ಟಿದ್ದು ಕಂಡಿತು.

"ಅಯ್ಯೋ, ಏನಾಯ್ತಪ್ಪ ಕಣ್ಣಿಗೆ?" ಎಂದಳು ಚಿಕ್ಕಮ್ಮ.

ಅವನು ಉತ್ತರ ಕೊಡುವ ಮೊದಲು ದರ್ವಿಸ್‌ನ ಕಡೆ ನೋಡಿದ. "ಮೋಟಾರಿನ ಹಗ್ಗ ಬಡೀತು."

"ಹುಷಾರಾಗಿರ್ಬೇಕಪ್ಪ" ಎಂದ ದರ್ವಿಸ್ ಅಕ್ಕರೆಯಿಂದ. "ನೀರಿನ ಮೇಲಿನ ಕೆಲಸ."

ಮೂಸಿ ನದಿ ಚಹದ ಬಣ್ಣಕ್ಕಿತ್ತು. ಚಿಕ್ಕಮ್ಮ ಮೊದಮೊದಲು ರಾಣಿಯಂತೆ ಕೂತಿದ್ದವಳು, ಸ್ವಲ್ಪ ಹೊತ್ತಿಗೆ ತಲೆವಸ್ತ್ರದ ಅಂಚಿನಿಂದ ಮುಖ ಒರೆಸಿಕೊಂಡು ನೀರು ನೋಡತೊಡಗಿದಳು. ದ್ವೀಪದ ಪಗೋಡವನ್ನು ಯಾರೂ ಮನಸ್ಸಿಟ್ಟು ನೋಡಲಿಲ್ಲ.

ವಾಪಸು ಬಂದು, ಸೇತುವೆಯ ಕೆಳಗಿನ ಪೆಂಪೆಕ್ ಅಂಗಡಿಯಲ್ಲಿ ಕೂತರು. ಯಾವುದೋ ಕರೆ ಬಂತೆಂದು ದರ್ವಿಸ್ ಎದ್ದು ದೂರ ಹೋದ. ಜಲೇಹಾ ತಟ್ಟನೆ ಪರ್ಸ್ ತೆಗೆದು ಅಂಗಡಿಯವಳ ಮುಂದೆ ನೋಟು ಹಿಡಿದಳು.

"ಅಯ್ಯಯ್ಯೋ, ಬೇಡ! ಒಳಗಿಡಿ, ಒಳಗಿಡಿ!" ಅಂಗಡಿಯವಳು ನೋಟನ್ನು ಹಿಂದಕ್ಕೆ ತಳ್ಳಿದಳು. "ತಗೊಂಡೆ ಅಂತ ಗೊತ್ತಾದ್ರೆ ನನ್ನ ಗತಿಯೇನು?"

"ಏನು ಮಾಡ್ತಾರೆ?"

ಅವಳು ಎಣ್ಣೆಯ ಬಾಣಲೆಯನ್ನು ನೋಡುತ್ತ ಹೇಳಿದಳು. "ಪಕ್ಕದ ಅಂಗಡಿ ಎಲ್ಲಿ ಅಂತ ಕೇಳಿ." ಪಕ್ಕದಲ್ಲಿ ಸುಟ್ಟು ಕರಕಲಾದ ನೆಲ ಮಾತ್ರ ಇತ್ತು. "ನೀವು ಅವರ ಕಡೆಯೋರಾ?"

"ಇಲ್ಲ. ಇವತ್ತು ಹುಡುಗನ್ನ ನೋಡೋಕೆ ಬಂದಿದ್ದು."

ಅಂಗಡಿಯವಳು ಮೊದಲ ಬಾರಿಗೆ ಅವಳ ಮುಖ ಸರಿಯಾಗಿ ನೋಡಿದಳು. "ಹಂಗಾದ್ರೆ ನೋಡಿದ್ದು ಸಾಕು. ಮನೆಗೆ ಹೋಗು ಮಗಳೇ."

ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿದ್ದ ತುಂಡನ್ನು ಹುಳಿಖಾರದ ಬಟ್ಟಲಿಗೇ ಬಿಟ್ಟು ಎದ್ದಳು. ದರ್ವಿಸ್ ಬಂದಾಗ, "ಹೊಟ್ಟೆ ಯಾಕೋ ಸರಿಯಿಲ್ಲಪ್ಪ. ಬಸ್ಸಿಗೆ ಬಿಟ್ಟುಬಿಡು" ಎಂದಳು.

"ಛೆ, ಬಸ್ಸಾ? ಮನೆಗೇ ಬಿಡ್ತೀನಿ."

ಬೇಡವೆಂದರೂ ಕೇಳಲಿಲ್ಲ. ಊರು ದಾಟಿದ ಮೇಲೆ, ಕನ್ನಡಿಯಲ್ಲಿ ಜಲೇಹಾಳನ್ನು ನೋಡಿ ಮಾತು ತೆಗೆದ. "ನಿಮ್ಮ ಔಷಧಿ ಅಂಗಡೀಲಿ ಫ್ಯಾನ್ ಕೆಟ್ಟು ಎಷ್ಟು ದಿನ ಆಯ್ತು? ಪಾಪ, ರಟ್ಟಿನಿಂದ ಗಾಳಿ ಬೀಸ್ಕೋತಿದ್ರಿ."

"ನೀವು ಯಾವಾಗ ಬಂದಿದ್ರಿ?"

"ಆಗಾಗ ಬರ್ತೀನಿ. ಎದುರುಗಡೆ ಕಾಫಿ ಚೆನ್ನಾಗಿರುತ್ತೆ."

ಜಲೇಹಾ ಕನ್ನಡಿಗೆ ಕಾಣದಂತೆ ಕಿಟಕಿಯ ಕಡೆಗೆ ಸರಿದು ಕೂತಳು.

ಅಂಗಳದಲ್ಲಿ ಇಳಿದ ಮೇಲೆ ಚಿಕ್ಕಮ್ಮ ಜಲೇಹಾಳನ್ನು ಒಳಗೆ ಕಳಿಸಿ, ತಾನು ಬಾಗಿಲಿಗೆ ಅಡ್ಡ ನಿಂತಳು. ಗಿಡ್ಡ ಹೆಂಗಸು, ದರ್ವಿಸ್‌ನ ಎದೆಯವರೆಗೂ ಬರುತ್ತಿರಲಿಲ್ಲ.

"ನೋಡಪ್ಪ, ಈ ಸಂಬಂಧ ನಮಗೆ ಬೇಡ. ಹಿರಿಯಳಾಗಿ ನಾನೇ ಹೇಳ್ತಿದ್ದೀನಿ. ಅವಳ ಮೇಲೆ ಬೇಜಾರು ಮಾಡ್ಕೋಬೇಡ."

ದರ್ವಿಸ್ ಬಾಗಿ ಅವಳ ಕೈಯನ್ನು ಹಣೆಗೆ ಒತ್ತಿಕೊಂಡ. ಬಿಡುವಾಗ ಸ್ವಲ್ಪ ತಡಮಾಡಿದ. "ನಿಮ್ಮ ಮೇಲೆ ಬೇಜಾರು ಮಾಡ್ಕೊಳ್ತೀನಾ? ಅವಸರ ಏನೂ ಇಲ್ಲ."

ಆ ವಾರವೇ ಚಿಕ್ಕಮ್ಮ ಜಲೇಹಾಳನ್ನು ಲಾಂಪುಂಗ್‌ನ ತನ್ನ ಗೆಳತಿಯೊಬ್ಬಳ ಮನೆಗೆ ಕಳಿಸಿದಳು. ನೆರೆಯವರಿಗೆ, ಅವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು ಎಂದಷ್ಟೇ ಹೇಳಿದಳು. ಮುಂದಿನ ಭಾನುವಾರ ಬಿಳಿ ಕಾರು ಬಂತು. ದರ್ವಿಸ್ ಪೆಂಪೆಕ್ ಪೊಟ್ಟಣ ತಂದಿದ್ದ. ಚಹ ಕುಡಿದ, ಚಿಕ್ಕಮ್ಮನ ಮಂಡಿನೋವು ವಿಚಾರಿಸಿದ, ಹೋದ. ಜಲೇಹಾ ಎಲ್ಲಿ ಎಂದು ಕೇಳಲಿಲ್ಲ. ಅದರ ಮುಂದಿನ ಭಾನುವಾರವೂ ಬಂದ. ಅವನು ತಂದದ್ದನ್ನೆಲ್ಲ ಚಿಕ್ಕಮ್ಮ ಹಿತ್ತಲಲ್ಲಿ ಹೂಳುತ್ತಿದ್ದಳು. ತಿನ್ನುವ ಆಸೆಯೇ ಸತ್ತು, ಬಟ್ಟೆಗಳು ಸಡಿಲವಾದವು.

ಒಂದು ಭಾನುವಾರ ಅವನು ಕಪ್ಪು ಕೆಳಗಿಡುತ್ತ ಹೇಳಿದ. "ಲಾಂಪುಂಗ್ ಕಡೆ ಜೋರು ಮಳೆಯಂತೆ. ಛತ್ರಿ ಇಟ್ಕೊಂಡಿದ್ದಾರೋ ಇಲ್ವೋ."

ಚಿಕ್ಕಮ್ಮ ಅವನಿಗೆ ಇನ್ನೊಂದು ಕಪ್ಪು ಚಹ ಬಗ್ಗಿಸಿದಳು. ಅವನ ಕಾರು ತಿರುವು ದಾಟಿದ ಮೇಲೆ ಜಲೇಹಾಳಿಗೆ ಫೋನ್ ಮಾಡಿದಳು.

"ಈಗಲೇ ಹೊರಡು. ಹಡಗು ಹತ್ತಿ ಜಾವಾಕ್ಕೆ ಹೋಗು."

"ಜಾವಾದಲ್ಲಿ ಎಲ್ಲಿಗೆ ಚಿಕ್ಕಮ್ಮ? ನಿನ್ನೊಬ್ಬಳನ್ನೇ ಬಿಟ್ಟು..."

"ನನ್ನ ಚಿಂತೆ ಬಿಡು. ಯಾವೂರು ಅಂತ ನನಗೆ ಹೇಳಬೇಡ. ಈ ನಂಬರು ಬಿಸಾಕು. ನಾನು ಕೇಳಿದ್ರೂ ಹೇಳಬೇಡ, ಅತ್ತು ಕೇಳಿದ್ರೂ ಹೇಳಬೇಡ."

ಸಂಜೆಯೊಳಗೆ ಜಲೇಹಾ ಜಲಸಂಧಿ ದಾಟಿದಳು.

ಮತ್ತೆ ಭಾನುವಾರ ಬಂತು. ಈ ಸಲ ದರ್ವಿಸ್ ಏನೂ ತಂದಿರಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ಚಿಕ್ಕಮ್ಮನ ಎದುರು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತ.

"ಎಲ್ಲಿದ್ದಾಳೆ?"

"ಗೊತ್ತಿಲ್ಲಪ್ಪ" ಎಂದಳು ಚಿಕ್ಕಮ್ಮ. ಅದು ನಿಜವಾಗಿತ್ತು, ನಿಜವೆಂದು ಅವನಿಗೂ ಅರ್ಥವಾಯಿತು. ಅವಳಿಗೆ ವಿಚಿತ್ರವಾದ ಸಮಾಧಾನವಾಯಿತು.

ಅವನು ತಲೆಯಾಡಿಸಿ, ಅವಳು ಕೊಟ್ಟ ಚಹ ಮುಗಿಸಿದ. ಆಮೇಲೆ ಎದ್ದು, ಹೊರಗೆ ಹೋಗುವ ಬದಲು, ಬೀದಿಬಾಗಿಲನ್ನು ಮೆಲ್ಲಗೆ ಮುಚ್ಚಿ, ವಾಪಸು ಬಂದು ಅದೇ ಕುರ್ಚಿಯಲ್ಲಿ ಕೂತ.