ಚೀನಾದ ಒಂಟಿ ಎತ್ತು

ಟ್ರಂಕಿನ ಮೇಲೆ ಎತ್ತು ಇರಲಿಲ್ಲ. ಹೆಂಡತಿಯನ್ನು ಕರೆತರಲು ಮುಧೋಳಕ್ಕೆ ಹೋಗಿ, ಎರಡು ದಿನ ಕೂತು, ಒಬ್ಬನೇ ಮರಳಿದ ಶಿದ್ರಾಮಪ್ಪ ರುಮಾಲು ತೆಗೆಯುವುದನ್ನೂ ಮರೆತು ಮಂಚದ ಕೆಳಗೆ ಬಗ್ಗಿ ನೋಡಿದ.

ಜಮಖಂಡಿ ಅರಮನೆಯ ವಸ್ತುಗಳ ಪಟ್ಟಿ ಬರೆಯುವುದು ಅವನ ನೌಕರಿ. ಸಂಸ್ಥಾನ ಇವತ್ತು ಮುಳುಗೀತೋ ನಾಳೆ ಮುಳುಗೀತೋ, ಪಟ್ಟಿ ಮಾತ್ರ ಬೇಕು. ಸುಟ್ಟ ಮಣ್ಣಿನ ಆ ಗೇಣುದ್ದದ ಚೀನಾ ಎತ್ತನ್ನು ವರ್ಣಿಸಿ ಬರೆಯಲೆಂದು ಯಾರಿಗೂ ಹೇಳದೆ ಧೋತರದಲ್ಲಿ ಸುತ್ತಿ ಮನೆಗೆ ತಂದಿದ್ದ. ನಾಳೆ ಮುಂಜಾನೆ ಸಂಸ್ಥಾನದ ಕಾರಭಾರಿಗಳು ಅರಮನೆಯ ಕಪಾಟು ತೆಗೆಸಿ ನೋಡುವವರಿದ್ದರು. ನೌಕರಿ ಹೋಗುವುದಿರಲಿ, ಪುಣೆಯಲ್ಲಿ ಬಿ.ಎ. ಮಾಡಿದವನನ್ನು ಊರೆಲ್ಲ ಕಳ್ಳ ಅನ್ನುತ್ತದೆ.

"ಯವ್ವಾ, ಇಲ್ಲಿದ್ದ ಎತ್ತು?"

"ಬಾವ್ಯಾಗ ಬಿಟ್ಟೇನಿ," ತಾಯಿ ಹಾಲವ್ವ ರೊಟ್ಟಿ ಬಡಿಯುತ್ತಲೇ ಅಂದಳು. "ನಿನ್ನಿ ಮಣ್ಣೆತ್ತಿನ ಅಮಾಸಿ. ಎಲ್ಲಾ ಮಣ್ಣಿನ ಎತ್ತಿನ ಸಂಗಾಟ ಅದನ್ನೂ ಜಗಲಿ ಮ್ಯಾಲ ನಿಲ್ಲಿಸಿ ಪೂಜಿ ಮಾಡಿದ್ನಿ. ಇವತ್ತ ನೀರಿಗೆ ಬಿಟ್ನಿ. ಇಂದ್ರವ್ವ ನಿನ್ನ ಸಂಗಾಟ ಬರಲಿಲ್ಲೇನ?"

"ಆಮ್ಯಾಲ ಬರ್ತಾಳಂತ. ಅದು ಹಬ್ಬದ ಎತ್ತಲ್ಲ ಬೇ. ಚೀನಾದಾಗ ಹೆಣದ ಸಂಗಾಟ ಹುಗಿಯೋದು. ಸತ್ತಾವನ ಗಾಡಿ ಎಳಿಲಿ ಅಂತ."

ಹಾಲವ್ವನ ಕೈ ನಿಂತಿತು. "ಪಾಪ, ಅದಕ್ಕ ಯಾರರ ಮೇವು ಹಾಕಿದ್ರೋ ಇಲ್ಲೋ. ಒಂಟಿ ಎತ್ತ ಪೂಜಿ ಮಾಡಬಾರದಂತ ನಾನ ಅದಕ್ಕೊಂದು ಜೋಡಿ ಮಾಡಿದ್ನಿ. ಹೋಳಿಗಿ ಎಡಿ ಹಿಡದ್ನಿ."

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು, ಅದೂ ಜೋಡಿ ಸಿಕ್ಕ ಒಂದು ಗೊಂಬೆಯ ಮೇಲೆ. ಚೀನಾದ ಗೋರಿಗಳಲ್ಲಿ ನಾಯಿ ಕಾವಲಿಗೆ, ಕುದುರೆ ಪದವಿಗೆ, ಎತ್ತು ಚಾಕರಿಗೆ ಎಂದು ಇಂಗ್ಲಿಷಿನಲ್ಲಿ ನಾಲ್ಕು ಹಾಳೆ ಬರೆದಿದ್ದ. ಆ ಎತ್ತಿನ ಬೆನ್ನ ಮೇಲೆ ಒಮ್ಮೆಯೂ ಕೈಯಾಡಿಸಿರಲಿಲ್ಲ.

ಬಾವಿಗೆ ಇಳಿದ. ಕೊನೆಯ ಮೆಟ್ಟಿಲಲ್ಲಿ ಸೊಂಟಮಟ್ಟ ನೀರು. ಬಗ್ಗಿ ತಡಕಿದ. ಕೈಗೆ ಸಿಕ್ಕ ಹಸಿಮಣ್ಣಿನ ಎತ್ತು ಹಿಡಿದ ಕೂಡಲೇ ಬೆರಳ ಸಂದಿಯಿಂದ ಜಾರಿಹೋಯಿತು. ಇನ್ನೊಂದೂ ಹಾಗೆಯೇ. ಓಣಿಯ ಎತ್ತುಗಳೆಲ್ಲ ರಾಡಿಯಾಗಿ ಒಂದರೊಳಗೊಂದು ಬೆರೆತಿದ್ದವು.

ಆಮೇಲೆ ಗಟ್ಟಿಯಾದದ್ದು ತಾಗಿತು. ಕೊಂಬು, ಬೆನ್ನು, ನಾಲ್ಕು ಕಾಲು. ಎಲ್ಲಿಯೂ ಮುಕ್ಕಾಗಿರಲಿಲ್ಲ. ನೌಕರಿ ಉಳಿದಿತ್ತು. ಆದರೂ ಎದೆ ಹಗುರಾಗಲಿಲ್ಲ. ಅವ್ವ ಮಾಡಿದ ಜೋಡಿಗಾಗಿ ಪಕ್ಕದಲ್ಲಿ ತಡಕಿದ. ಕೆಸರು ಬಿಟ್ಟರೆ ಏನೂ ಇರಲಿಲ್ಲ.

"ಸಿಕ್ಕತೇನೋ?" ಮೇಲಿನಿಂದ ಹಾಲವ್ವ ಕೇಳಿದಳು.

"ಇಲ್ಲ," ಅಂದ. ಯಾಕೆ ಹಾಗಂದನೋ ಅವನಿಗೇ ತಿಳಿಯಲಿಲ್ಲ.

"ಕರಗಿರಬೇಕು. ಮ್ಯಾಲ ಬಾ."

ಅವನು ಮೇಲೆ ಬರಲಿಲ್ಲ. ಸುಟ್ಟ ಮಣ್ಣಿನ ಎತ್ತನ್ನು ಎರಡೂ ಕೈಯಿಂದ ಕದಡಿದ ನೀರಿನೊಳಗೇ ಒತ್ತಿ ಹಿಡಿದು, ಅದೂ ತನ್ನ ಜೋಡಿಯಂತೆ ಮೆತ್ತಗಾಗುವುದನ್ನು ಕಾಯುತ್ತ ನಿಂತ.