ತಲೆದೂಗುವ ತನಕ

ಅಹಂಕಾರ ಬಿಟ್ಟು ಬರುವುದಕ್ಕೆಂದು ಮಾಸ್ಟರು ಹೊಸ ಅಂಗಿ ಹೊಲಿಸಿಕೊಂಡು ಹೋದರು.

ಮಾಸ್ಟರೆಂದರೆ ಪಾಠ ಹೇಳುವವರಲ್ಲ, ಕೂದಲು ಕತ್ತರಿಸುವವರು. ಮಾರುಕಟ್ಟೆ ರಸ್ತೆಯ ತಿರುವಿನಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ ಅವರದು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವರ ಕೈಕೆಲಸ, ಒಳಗಿನದರಲ್ಲಿ ತಮ್ಮನದು. ತಮ್ಮನಿಗೂ ತಲೆ ನರೆಯುವ ವಯಸ್ಸಾಯಿತು. ಆದರೂ ಬೋರ್ಡಿನ ಮೇಲೆ ಮಾಸ್ಟರ ಹೆಸರೊಂದೇ, ಅದೂ ಬೀದಿಯ ಆ ತುದಿಯಿಂದ ಓದುವಷ್ಟು ದಪ್ಪಕ್ಷರದಲ್ಲಿ.

ಅಪ್ಪ ಬಿಟ್ಟುಹೋದದ್ದು ಈ ಅಂಗಡಿ ಮತ್ತು ಒಂದು ಕಟ್ಟಳೆ. ಕೆಲಸ ಮುಗಿದ ಮೇಲೆ ಕೈಗನ್ನಡಿಯನ್ನು ಗಿರಾಕಿಯ ತಲೆಯ ಹಿಂದೆ ಹಿಡಿಯಬೇಕು. ಅವನು ಎದುರಿನ ದೊಡ್ಡ ಕನ್ನಡಿಯಲ್ಲಿ ತನ್ನ ಹಿಂದಲೆ ನೋಡಿಕೊಂಡು ತಲೆದೂಗಬೇಕು. ಆಮೇಲೆಯೇ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚಬೇಕು. ತಲೆದೂಗಲಿಲ್ಲವೋ, ಮತ್ತೆ ಕತ್ತರಿ ಹಿಡಿ. ತಿಂಗಳಿಗೊಮ್ಮೆ ರಜೆಯ ದಿನ ಬಾಗಿಲು ಅರ್ಧ ಎಳೆದು ಅಣ್ಣತಮ್ಮ ಒಬ್ಬರ ಕೂದಲು ಒಬ್ಬರು ತೆಗೆಯುವಾಗಲೂ ಇದೇ ಕಟ್ಟಳೆ. ಅಣ್ಣನ ಕೆಲಸಕ್ಕೆ ತಮ್ಮ ಪ್ರತಿಸಲವೂ ತಲೆದೂಗುತ್ತಿದ್ದ. ತಮ್ಮನ ಕೆಲಸಕ್ಕೆ ಅಣ್ಣ ಮಾತ್ರ "ಹೂಂ, ಬಿಚ್ಚು ಬಿಚ್ಚು, ಹೊತ್ತಾಯ್ತು" ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ನೋಡಿ.

ಆದರೆ ಬೀದಿಯವರಿಗೆ ಆ ಗಿಡವೇ ಮದ್ದು. ಬೆಂಚಿನ ಮೇಲೆ ಕೂತವರನ್ನು ಮಾಸ್ಟರು "ಬನ್ನಿ, ಕುರ್ಚಿ ಖಾಲಿ ಇದೆ" ಎಂದು ಕರೆದರೆ, "ಪರವಾಗಿಲ್ಲ ಮಾಸ್ಟ್ರೇ, ಪೇಪರ್ ಓದ್ತಿದ್ದೀನಿ" ಎನ್ನುವರು. ಪೇಪರು ಹೋದ ವಾರದ್ದು. ಹೀಗೇ ನಡೆದು ನಡೆದು ಮಾಸ್ಟರಿಗೆ ರಕ್ತದೊತ್ತಡ ಏರಿತು. ಪಕ್ಕದ ಔಷಧಿ ಅಂಗಡಿಯವನು, ಮಾತ್ರೆಯ ಜೊತೆಗೆ, ಅಹಂಕಾರ ಕರಗಿಸುವ ಒಂದು ಶಿಬಿರದ ವಿಳಾಸವನ್ನೂ ಕೊಟ್ಟ.

ಶಿಬಿರದಲ್ಲಿ ಬೋಧಕರು ಎಲ್ಲರನ್ನೂ ಕನ್ನಡಿಯ ಮುಂದೆ ನಿಲ್ಲಿಸಿ "ಇದು ನಾನಲ್ಲ" ಎಂದು ಹೇಳಿಸಿದರು. ಕಣ್ಣು ಮುಚ್ಚಿಸಿ, "ಹಿಂದಿನದಿಲ್ಲ, ಮುಂದಿನದಿಲ್ಲ, ಈ ಕ್ಷಣ ಮಾತ್ರ ಇದೆ. ಏನು ಸದ್ದು ಕೇಳಿದರೂ ಅದು ಬರೀ ಸದ್ದು, ಹಾದುಹೋಗಲಿ ಬಿಡಿ" ಎಂದರು. ಕೊನೆಗೆ, ಅಹಂಕಾರ ಕರಗಿತು ಅನ್ನಿಸಿದವರು ಕೈ ಎತ್ತಿ ಎಂದಾಗ ಎಲ್ಲರಿಗಿಂತ ಮೊದಲು ಮೇಲೆ ಹೋದ ಕೈ ಮಾಸ್ಟರದು. ಪಕ್ಕದವನೂ ಎತ್ತಲು ಹೊರಟಿದ್ದನಂತೆ. ಇವರು ನೋಡಿದ ನೋಟಕ್ಕೆ ಕೈ ಇಳಿಸಿಬಿಟ್ಟನಂತೆ. ಇದನ್ನೆಲ್ಲ ಬಂದ ಮೇಲೆ ಅವರೇ ಹೇಳಿದ್ದು, ಕೇಳಿದವರಿಗೂ, ಕೇಳದವರಿಗೂ.

ಅಂಗಡಿಗೆ ಬಂದವರೇ ಮಾಸ್ಟರು ಗೋಡೆಯ ಕನ್ನಡಿಗಳೆರಡಕ್ಕೂ ಮನೆಯಿಂದ ತಂದ ಹೂವಿನ ಚಿತ್ರದ ಹೊದಿಕೆ ಹೊದಿಸಿದರು.

"ಏನಣ್ಣ ಇದು?" ಎಂದ ತಮ್ಮ.

"ಎಲ್ಲದಕ್ಕೂ ಮೂಲ ಈ ಕನ್ನಡಿ ಕಣೋ. ಜನ ಇಲ್ಲಿ ಕೂತು ತಮ್ಮ ಮುಖ ತಾವೇ ನೋಡ್ಕೊಂಡು ಉಬ್ಬಿಹೋಗ್ತಾರೆ. ಆ ಪಾಪದಲ್ಲಿ ನಮಗೂ ಪಾಲು."

"ಅಣ್ಣ, ಇದು ಕ್ಷೌರದಂಗಡಿ."

"ನಾನೂ ಅದನ್ನೇ ಹೇಳ್ತಿರೋದು."

"ಹಾಗಾದ್ರೆ ಹಿಂದಲೆ ತೋರಿಸೋದು ಹೇಗೆ?"

"ತೋರಿಸೋದೂ ಬೇಡ, ಅವರು ತಲೆದೂಗೋದೂ ಬೇಡ. ಹೊಗಳಿಕೆ ಅಹಂಕಾರಕ್ಕೆ ಗೊಬ್ಬರ."

ನಿಜ ಹೇಳಬೇಕೆಂದರೆ, ಒಳಗಿನ ಕುರ್ಚಿಯಲ್ಲಿ ಗಿರಾಕಿಗಳು ತಲೆದೂಗುವುದನ್ನು ನೋಡಿ ನೋಡಿ ಮಾಸ್ಟರ ಹೊಟ್ಟೆ ಉರಿಯುತ್ತಿತ್ತು. ಈಗ ಆ ಉರಿಗೊಂದು ತತ್ವ ಸಿಕ್ಕಿತು. ತತ್ವ ಸಿಕ್ಕರೆ ಹೊಟ್ಟೆಕಿಚ್ಚೂ ತಪಸ್ಸೇ.

ಕನ್ನಡಿ ಇಲ್ಲದೆ ಎರಡು ಕಿವಿಗಳ ಪಕ್ಕದ ಕೂದಲನ್ನು ಸಮ ಮಾಡುವುದು ಕಷ್ಟದ ಕೆಲಸ. ತಮ್ಮನಾದರೆ ಗಿರಾಕಿಯ ಎದುರಿಗೆ ಬಂದು, ಮಂಡಿ ಬಗ್ಗಿಸಿ, ಮುಖಕ್ಕೆ ಮುಖ ಕೊಟ್ಟು ನೋಡಿ ಸಮ ಮಾಡುತ್ತಿದ್ದ. ಮಾಸ್ಟರು ಯಾರ ಮುಂದೆಯೂ ಮಂಡಿ ಬಗ್ಗಿಸುವವರಲ್ಲ. ಹೀಗಾಗಿ ಬ್ಯಾಂಕಿನ ಮ್ಯಾನೇಜರಿಗೆ ಬಲಗಡೆಯ ಕೂದಲು ಕಿವಿಯ ಮೇಲಕ್ಕೆ ಹೋಯಿತು, ಎಡಗಡೆಯದು ಕಿವಿಯ ಕೆಳಗೇ ಉಳಿಯಿತು. ಮನೆಯಲ್ಲಿ ಹೆಂಡತಿ ನಕ್ಕ ಮೇಲೆ ಅವರು ವಾಪಸು ಬಂದರು.

"ಏನು ಮಾಸ್ಟ್ರೇ ಇದು?"

"ಎಡ ಬಲ ಅನ್ನೋದು ಮನಸ್ಸಿನ ಆಟ ಸಾರ್. ಈ ಕ್ಷಣದಲ್ಲಿ ಅದೆಲ್ಲ ಇಲ್ಲ."

"ನಾಳೆ ನಂಗೆ ಮೀಟಿಂಗ್ ಇದೆ."

"ನಾಳೆ ಅನ್ನೋದೂ ಇಲ್ಲ."

ಮ್ಯಾನೇಜರು ಒಳಗಿನ ಕುರ್ಚಿಗೆ ಹೋಗಿ ಕೂತರು. ಅವರ ಹಿಂದೆಯೇ ಇನ್ನಿಬ್ಬರು ಹೋಗಿ ಸಾಲು ಹಿಡಿದರು. ಮಾಸ್ಟರು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಾಸ್ಟರ ಹೆಂಡತಿ ವಿಷಯ ತೆಗೆದಳು.

"ರೀ, ನಿಮ್ಮ ತಮ್ಮನ್ನ ಸ್ಟೇಷನ್ ರಸ್ತೆಯ ಹೊಸ ಅಂಗಡಿಯವರು ಕರೀತಿದ್ದಾರಂತೆ."

"ಹೋಗಲಿ. ನಂಗೆ ಯಾವುದೂ ಅಂಟಲ್ಲ ಈಗ."

"ಅಂಟದೆ ಇರೋಕೆ ನೀವೇನು ಕೆಸುವಿನ ಎಲೆನಾ? ಅವನಿಗೆ ಹೋಗೋ ಮನಸ್ಸಿಲ್ಲ. 'ಅಣ್ಣ ಒಂದೇ ಒಂದು ಸಲ ತಲೆದೂಗಿದ್ರೆ ಇಲ್ಲೇ ಇದ್ದುಬಿಡ್ತಿದ್ದೆ ಅತ್ತಿಗೆ' ಅಂತ ನನ್ನ ಹತ್ರ ಹೇಳಿ ಕಣ್ಣಲ್ಲಿ ನೀರು ಹಾಕ್ಕೊಂಡ. ನಾಳೆ ರಜೆ. ನಿಮ್ಮ ಕೂದಲು ತೆಗೀತಾನಲ್ಲ, ಆಗ ಒಂಚೂರು ತಲೆ ಆಡಿಸಿಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

ಮಾಸ್ಟರು ಕೈಲಿದ್ದ ತುತ್ತನ್ನು ತಟ್ಟೆಗಿಟ್ಟರು. ಒಳಗಿನ ಕುರ್ಚಿ ಖಾಲಿಯಾದರೆ ಅಂಗಡಿಯ ಗತಿ ಏನೆಂದು ಅವರಿಗೆ ಗೊತ್ತಿತ್ತು. ಅಷ್ಟೇ ಅಲ್ಲ, ತಮ್ಮನ ಮೇಲೆ ಅವರಿಗೆ ಪ್ರೀತಿಯಿತ್ತು. ಪುಟ್ಟ ಬೆರಳುಗಳಿಗೆ ಕತ್ತರಿ ತೊಡಿಸಿ ಹಿಡಿಯುವುದು ಕಲಿಸಿದ್ದು ಅವರೇ. ಆದರೆ ಅವರ ಪ್ರೀತಿಗೆ ಒಂದು ಕಾಯಿಲೆ, ಎದೆಯಿಂದ ಬಾಯಿಗೆ ಬರುವಷ್ಟರಲ್ಲಿ ಉಪದೇಶವಾಗಿಬಿಡುತ್ತಿತ್ತು. "ನೋಡೋಣ" ಎಂದು ಕೈ ತೊಳೆದರು.

ಮರುದಿನ ಬಾಗಿಲು ಅರ್ಧ ಎಳೆದು, ತಮ್ಮನು ಅಣ್ಣನ ಕುತ್ತಿಗೆಗೆ ಬಟ್ಟೆ ಕಟ್ಟಿದ. ಕತ್ತರಿ ಕಿವಿಯ ಸುತ್ತ ಹೋಗುವಾಗ ಅಪ್ಪನ ಕೈ ನೆನಪಾಗಿ ಮಾಸ್ಟರಿಗೆ ಜೋಂಪು ಹತ್ತಿತು. ಕುತ್ತಿಗೆಯ ಮೇಲಿನ ಕೂದಲನ್ನು ಬ್ರಷ್ಷಿನಿಂದ ಒರೆಸಿದ ಮೇಲೆ ತಮ್ಮನು ಗೋಡೆಯ ಕನ್ನಡಿಯ ಹೊದಿಕೆಯನ್ನು ಎಳೆದ.

"ಲೋ, ಮುಚ್ಚೋ ಅದನ್ನ."

"ಇವತ್ತೊಂದು ದಿನ ಇರ್ಲಿ ಅಣ್ಣ." ಕೈಗನ್ನಡಿಯನ್ನು ಅಣ್ಣನ ತಲೆಯ ಹಿಂದೆ ಹಿಡಿದ. "ನೋಡು. ಸರಿ ಇದ್ಯಾ?"

ಮಾಸ್ಟರು ನೋಡಿದರು. ಸರಿ ಇತ್ತು. ಬರೀ ಸರಿಯಲ್ಲ, ಇಷ್ಟು ವರ್ಷ ಕತ್ತರಿ ಹಿಡಿದ ಮಾಸ್ಟರ ಸ್ವಂತ ಕೈಗೂ ಬಾರದಷ್ಟು ಸರಿ ಇತ್ತು. ಕುತ್ತಿಗೆ ತಾನಾಗಿಯೇ ಬಗ್ಗಲು ಹೊರಟಿತು. ಅಷ್ಟರಲ್ಲಿ ತಲೆ ಲೆಕ್ಕ ಹಾಕಿತು. ತಲೆದೂಗಿದರೆ ಇವನು ಗೆದ್ದಂತೆ. ಅಹಂಕಾರ ಬಿಟ್ಟವನಿಗೆ ಸೋಲು ಗೆಲುವು ಇಲ್ಲ, ನಿಜ. ಆದರೂ ಇವನು ಗೆಲ್ಲುವುದು ಬೇಡ.

"ಶ್. ನಾನೀಗ ಈ ಕ್ಷಣದಲ್ಲಿದ್ದೀನಿ" ಎಂದು ಮಾಸ್ಟರು ಕಣ್ಣು ಮುಚ್ಚಿಕೊಂಡರು.

ಕೈಗನ್ನಡಿ ಹಿಡಿದುಕೊಂಡೇ ತಮ್ಮ ಕಾದ. ತೋಳು ಸೋಲುವ ತನಕ ಕಾದ. ಆಮೇಲೆ ಕೈಗನ್ನಡಿಯ ಗಾಜು ಎದುರಿನ ಹಲಗೆಗೆ ತಾಗಿದ ಸದ್ದಾಯಿತು. ಇದು ಬರೀ ಸದ್ದು, ಹಾದುಹೋಗಲಿ ಎಂದುಕೊಂಡರು ಮಾಸ್ಟರು. ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತುವ ಸದ್ದು, ಚೀಲದ ಜಿಪ್ ಎಳೆಯುವ ಸದ್ದು. ಅದೂ ಹಾದುಹೋಗಲಿ. "ಬರ್ತೀನಣ್ಣ" ಎಂಬ ಮಾತೂ ಕೇಳಿಸಿತು. ಅದನ್ನೂ ಸದ್ದಿನ ಲೆಕ್ಕಕ್ಕೇ ಸೇರಿಸಿದರು. ಬೋಧಕರು ಕಂಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಅವರೊಬ್ಬರೇ ಇದ್ದರು. ಒಳಗಿನ ಕುರ್ಚಿಯ ಮುಂದಿನ ಹಲಗೆ ಬರಿದಾಗಿತ್ತು. ಮಾಸ್ಟರು ಬಟ್ಟೆಯ ಕೆಳಗಿಂದ ಕೈ ಹೊರತೆಗೆದು, ಕೈಗನ್ನಡಿ ಎತ್ತಿ, ತಾವೇ ತಲೆಯ ಹಿಂದೆ ಹಿಡಿದುಕೊಂಡರು. ನೋಡಿದರು, ನಿಧಾನಕ್ಕೆ ತಲೆದೂಗಿದರು. ಸಾಲದೆನಿಸಿ ಇನ್ನೊಮ್ಮೆ, ಚೆನ್ನಾಗಿ ತಲೆದೂಗಿದರು.

ಹೆಂಡತಿ ಎರಡು ಲೋಟ ಚಹಾ ಹಿಡಿದು ಅರ್ಧ ಇಳಿಸಿದ ಷಟರಿನ ಕೆಳಗೆ ಬಗ್ಗಿ ಒಳಬಂದಳು. ಬರಿದಾದ ಹಲಗೆಯನ್ನು ನೋಡಿದಳು.

"ಗಂಟು ಬಿಚ್ಚೇ" ಎಂದರು ಮಾಸ್ಟರು.

"ತಲೆದೂಗಿದ್ರಾ?"

"ತಲೆದೂಗಿದೆ ಕಣೇ."

"ಅವನು ನೋಡಿದ್ನಾ?"

ಮಾಸ್ಟರು ಕೈಗನ್ನಡಿಯನ್ನು ಹಲಗೆಯ ಮೇಲೆ ಮಗುಚಿಟ್ಟರು. ಅವಳು ಒಂದು ಲೋಟವನ್ನು ಅವರ ಮುಂದೆಯೂ ಇನ್ನೊಂದನ್ನು ಒಳಗಿನ ಕುರ್ಚಿಯ ಮುಂದೆಯೂ ಇಟ್ಟು, ಗಂಟಿಗೆ ಕೈ ಹಾಕದೆ ಹೊರಟುಹೋದಳು.